ಮೆಟರ್ನಿಟಿ ಶೂಟ್: ನೀವು ಎಡವಿದ್ದು ಎಲ್ಲಿ?

ಕೇಳಿದವರು:
ಅಕ್ಕನಿಗೆ ಈಗ ಆರು ತಿಂಗಳು. ಅವಳ ಮೆಟರ್ನಿಟಿ ಶೂಟ್, ಅಂದರೆ ಬಸುರಿ ಹೊಟ್ಟೆಯ ಫೋಟೋಗಳು, ನಾನೇ ಮಾಡುತ್ತೇನೆ ಅಂತ ಒಪ್ಪಿಕೊಂಡುಬಿಟ್ಟಿದ್ದೇನೆ. ಕ್ಯಾಮೆರಾ ಇದೆ, 50 ಎಂಎಂ ಲೆನ್ಸ್ ಇದೆ, ಸ್ಟುಡಿಯೋ ಇಲ್ಲ. ಹಾರುವ ಬಟ್ಟೆ, ಹಾಲು ಬೆರೆಸಿದ ನೀರಿನ ಟಬ್, ಬಣ್ಣದ ಹೊಗೆ ಅಂತ ತಲೆ ತುಂಬಾ ಐಡಿಯಾ. ಇಂಥದ್ದು ಮಾಡಲು ಹೋಗಿ ಕೈ ಸುಟ್ಟುಕೊಂಡವರು ಇದ್ದರೆ ಹೇಳಿ. ಚೆನ್ನಾಗಿ ಬಂದದ್ದು ಆಮೇಲೆ, ಕೆಟ್ಟದ್ದು ಮೊದಲು.

ಹವ್ಯಾಸವಾಗಿ ಶುರು ಮಾಡಿ ಇದನ್ನೇ ಕೆಲಸ ಮಾಡಿಕೊಂಡವಳು:
ಮೊದಲ ಶೂಟ್‌ಗೆ 14 ಪೋಸ್ ಬರೆದುಕೊಂಡು ಹೋಗಿದ್ದೆ. ಮೂರನೆಯದು ನನ್ನ ಹೆಮ್ಮೆಯ ಪೋಸ್. ನೆಲಕ್ಕೆ ಬಿಳಿ ಬಟ್ಟೆ ಹಾಸಿ, ತಾಯಿಯಾಗುವವರನ್ನು ಅಂಗಾತ ಮಲಗಿಸಿ, ಸುತ್ತ ಹೂವಿನ ಎಸಳು ಜೋಡಿಸಿ, ನಾನು ಸ್ಟೂಲ್ ಹತ್ತಿ ಮೇಲಿನಿಂದ ಕ್ಲಿಕ್ ಮಾಡುವುದು. ಒಂದು ಎಸಳು ಸೊಟ್ಟ ಅನ್ನಿಸಿತು, ಇಳಿದು ಸರಿ ಮಾಡಿದೆ. ಮತ್ತೆ ಹತ್ತಿದೆ, ಇನ್ನೊಂದು ಸೊಟ್ಟ. ಹೀಗೇ ಐದಾರು ನಿಮಿಷ ಹೋಯಿತು. ಕೊನೆಗೆ ಫೋಕಸ್ ಮಾಡುವಾಗ ನೋಡುತ್ತೇನೆ, ಅವರ ತುಟಿ ಬಿಳಿಚಿಕೊಂಡಿದೆ, ಹಣೆಯ ಮೇಲೆ ಬೆವರು. "ತಲೆ ಸುತ್ತುತ್ತಿದೆ" ಅಂದರು. ಅವರ ಅಮ್ಮ ಓಡಿ ಬಂದು ಎಡ ಮಗ್ಗುಲಿಗೆ ತಿರುಗಿಸಿದರು. ಸ್ವಲ್ಪ ಹೊತ್ತಿಗೆ ಸರಿಹೋಯಿತು. ಅಷ್ಟು ಹೊತ್ತು ಎಸಳು ನೋಡಿದವಳು ಮುಖ ನೋಡಿರಲಿಲ್ಲ.

ಹೊಟ್ಟೆ ದೊಡ್ಡದಾದ ಮೇಲೆ ಅಂಗಾತ ಮಲಗಿದರೆ, ಕಾಲಿನ ಕಡೆಯಿಂದ ಹೃದಯಕ್ಕೆ ರಕ್ತ ತರುವ ದೊಡ್ಡ ನಾಳದ ಮೇಲೆ ಗರ್ಭದ ಭಾರ ಬೀಳುತ್ತದೆ. ಬಿಪಿ ಇಳಿಯುತ್ತದೆ. ಈಗ ಮಲಗುವ ಪೋಸ್ ಅಂದರೆ ಎಡ ಮಗ್ಗುಲು, ಬೆನ್ನ ಹಿಂದೆ ಆಸರೆಗೆ ದಿಂಬು. ಎಸಳು, ಬಟ್ಟೆ ಎಲ್ಲ ಅವರು ಬರುವ ಮೊದಲೇ ಸಿದ್ಧ. ಪೋಸ್ 14 ಅಲ್ಲ, ಐದು. ಮಧ್ಯೆ ಕುರ್ಚಿ, ನೀರು, ಬಾತ್‌ರೂಮಿಗೆ ಬಿಡುವು. ಅಕ್ಕನಿಗೆ ಬಿಪಿ ಅಥವಾ ಬೇರೆ ತೊಂದರೆ ಇದ್ದರೆ ಮೊದಲು ಡಾಕ್ಟರ್ ಹತ್ತಿರ ಕೇಳಿಬಿಡಿ.

ಎರಡನೇ ಪಾಠ ಬೆಳಕಿನದು. ಎದುರಿಂದ ಫ್ಲ್ಯಾಶ್ ಹೊಡೆದೆ. ಎಂಟು ತಿಂಗಳ ಹೊಟ್ಟೆ ಚಪ್ಪಟೆ ಆಯಿತು! ದುಂಡಗಿರುವುದು ದುಂಡಗೆ ಕಾಣಬೇಕಾದರೆ ಒಂದು ಬದಿ ನೆರಳು ಬೇಕು. ಕಿಟಕಿಯ ಪಕ್ಕ ನಿಲ್ಲಿಸಿ, ರೂಮಿನ ಲೈಟ್ ಎಲ್ಲ ಆರಿಸಿ. ನೆರಳಿನ ಕಡೆ ಒಂದು ಕಪ್ಪು ಬೆಡ್‌ಶೀಟ್ ಹಿಡಿಸಿದರೆ ಇನ್ನೂ ಚೆನ್ನ. 1991ರ ಆಗಸ್ಟ್‌ನಲ್ಲಿ ವ್ಯಾನಿಟಿ ಫೇರ್ ಪತ್ರಿಕೆಯ ಮುಖಪುಟಕ್ಕೆ ಫೋಟೋಗ್ರಾಫರ್ ಆನಿ ಲೀಬೊವಿಟ್ಜ್ ತೆಗೆದ, ಆಗ ಬಸುರಿಯಾಗಿದ್ದ ನಟಿ ಡೆಮಿ ಮೂರ್ ಫೋಟೋ ಒಮ್ಮೆ ನೋಡಿ. ಒಂದು ಕೈ ಎದೆಗೆ, ಇನ್ನೊಂದು ಹೊಟ್ಟೆಯ ಕೆಳಗೆ. ಹೂವಿಲ್ಲ, ಹೊಗೆಯಿಲ್ಲ. ಆ ಕೈಗಳನ್ನು ಇವತ್ತಿಗೂ ಎಲ್ಲರೂ ನಕಲು ಮಾಡುತ್ತಿದ್ದೇವೆ, ನಾನೂ ಸೇರಿ.

ಹೆಂಡತಿಯ ಶೂಟ್‌ನಲ್ಲಿ ಬಟ್ಟೆ ಎಸೆದವನು:
ಹಾರುವ ಬಟ್ಟೆ ಬಗ್ಗೆ ನಾನು ಹೇಳುತ್ತೇನೆ. ಮೊದಲು ತಂದದ್ದು ಸ್ಯಾಟಿನ್. ಹೊಳೆಯುತ್ತೆ, ಆದರೆ ಭಾರ. ಎಸೆದರೆ ಒದ್ದೆ ಬೆಡ್‌ಶೀಟ್ ಬಿದ್ದ ಹಾಗೆ ಬಿತ್ತು, ಅದೂ ಅವಳ ಮುಖದ ಮೇಲೆ. ಮೂವತ್ತು ಸಲ ಎಸೆದಿರಬೇಕು. ಇಪ್ಪತ್ತಾದ ಮೇಲೆ ಅವಳ ನಗು ನಿಂತುಹೋಗಿತ್ತು.

ಮುಂದಿನ ವಾರ ನಾಲ್ಕು ಮೀಟರ್ ಶಿಫಾನ್ ತಂದೆವು. ಈ ಸಲ ಅವಳ ಜಾಗದಲ್ಲಿ ನಾನು ನಿಂತೆ, ಹೊಟ್ಟೆಗೆ ದಿಂಬು ಕಟ್ಟಿಕೊಂಡು. ತಮ್ಮ ಎಸೆದ, ಅವಳು ಕುರ್ಚಿಯಲ್ಲಿ ಕೂತು ಬಿದ್ದು ಬಿದ್ದು ನಕ್ಕಳು. (ಆ ದಿಂಬಿನ ಫೋಟೋಗಳೂ ನಮ್ಮ ಆಲ್ಬಮ್‌ನಲ್ಲಿವೆ.) ಹೀಗೆ ಗೊತ್ತಾದದ್ದು: ಬಟ್ಟೆಯ ತುದಿ ಹಿಡಿದು ಮೇಲಕ್ಕೆ ಬೀಸಿ ಬಿಟ್ಟು, ಫ್ರೇಮಿನಿಂದ ಹೊರಗೆ ಓಡಬೇಕು. ಬೀಸುವಾಗ ಅಲ್ಲ, ಬಟ್ಟೆ ಮೇಲೆ ಹೋಗಿ ಬಿಚ್ಚಿಕೊಳ್ಳುತ್ತದಲ್ಲ, ಆಗ ಕ್ಲಿಕ್. ಶಟರ್ ವೇಗ 1/250 ಸೆಕೆಂಡ್ ಇಟ್ಟಾಗ ಅಂಚು ಮಬ್ಬಾಯಿತು, 1/800ಕ್ಕೆ ಸರಿಬಂತು. ಬರ್ಸ್ಟ್ ಮೋಡ್ ಹಾಕಿ, ಬಟನ್ ಒತ್ತಿ ಹಿಡಿದರೆ ಸಾಲಾಗಿ ಫೋಟೋ ಬರುತ್ತವೆ. ಎಲ್ಲ ಪಕ್ಕಾ ಆದ ಮೇಲೆ ಅವಳನ್ನು ನಿಲ್ಲಿಸಿದೆವು, ಹತ್ತು ನಿಮಿಷದಲ್ಲಿ ಮುಗಿಯಿತು. ಉದ್ದದ ಬಟ್ಟೆ ಉಟ್ಟವರನ್ನು ನಡೆಸಬೇಡಿ, ಕಾಲಿಗೆ ಸಿಕ್ಕುತ್ತದೆ. ನಿಂತ ಮೇಲೆ ಹರಡಿ.

ಹಾಲಿನ ಟಬ್‌ನಲ್ಲಿ ಕೂತವಳು:
ಫೋಟೋದಲ್ಲಿ ನಾನು ದೇವತೆ. ನಿಜದಲ್ಲಿ ಹಲ್ಲು ಕಟಕಟ. ಲೈಟ್, ಆಂಗಲ್, ಹೂವು ಅನ್ನುವಷ್ಟರಲ್ಲಿ ನೀರು ತಣ್ಣಗಾಗಿತ್ತು. ಹಾಗಂತ ಬಿಸಿ ನೀರೂ ಒಳ್ಳೆಯದಲ್ಲ. ಮೈಯಷ್ಟೇ ಬೆಚ್ಚಗೆ, 37 ಡಿಗ್ರಿ ದಾಟಬಾರದು. ಎಲ್ಲ ಸಿದ್ಧ ಆದ ಮೇಲೆ ಕೊನೆಗೆ ನೀರು ತುಂಬಿಸಿ.

ಹಾಲು ಜಾಸ್ತಿ ಆದರೆ ಹೊಟ್ಟೆಯ ತುದಿ ಮಾತ್ರ ದ್ವೀಪದ ಹಾಗೆ ಕಾಣುತ್ತದೆ. ಕಡಿಮೆ ಆದರೆ ಕಾಣಬಾರದ್ದೆಲ್ಲ ಕಾಣುತ್ತದೆ. ಸ್ವಲ್ಪ ಸ್ವಲ್ಪವೇ ಹಾಕಿ ಕ್ಯಾಮೆರಾದಲ್ಲಿ ನೋಡುತ್ತಾ ಹೋಗಿ. ಹೂವಿನ ತೊಟ್ಟು ಪೂರ್ತಿ ಕತ್ತರಿಸಿ, ಇಲ್ಲದಿದ್ದರೆ ಮಗುಚಿಕೊಳ್ಳುತ್ತವೆ. ವೈರ್ ಇರುವ ಲೈಟ್, ಹೀಟರ್ ಟಬ್ ಹತ್ತಿರ ಬೇಡವೇ ಬೇಡ.

ಕಷ್ಟ ಆದದ್ದು ಏಳುವಾಗ. ಹಾಲಿನಿಂದ ಟಬ್ ಜಾರುತ್ತಿತ್ತು, ಹೊಟ್ಟೆ ಭಾರ, ಹಿಡಿದುಕೊಳ್ಳಲು ಏನೂ ಇಲ್ಲ. ಫೋಟೋಗ್ರಾಫರ್ ಒಬ್ಬರೇ ಇದ್ದರು, ಅವರ ಕೈಯಲ್ಲಿ ಕ್ಯಾಮೆರಾ. ಯಜಮಾನರನ್ನು ಕೂಗಿ ಕರೆದು, ಇಬ್ಬರೂ ಎರಡು ತೋಳು ಹಿಡಿದ ಮೇಲೇ ಎದ್ದೆ. ಟಬ್ಬಿನೊಳಗೆ ರಬ್ಬರ್ ಮ್ಯಾಟ್ ಹಾಕಿ. ಇಬ್ಬರು ಇಲ್ಲದಿದ್ದರೆ ಈ ಐಡಿಯಾ ಬಿಟ್ಟುಬಿಡಿ.

ಕೇಳಿದವರು:
ಟಬ್ ಬಿಟ್ಟೆ! ಹೊಗೆ? ಬಯಲಿನಲ್ಲಿ ಗಾಳಿ ಆಡುತ್ತಿದ್ದರೆ ಪರವಾಗಿಲ್ಲ ಅಲ್ವಾ?

ಹವ್ಯಾಸವಾಗಿ ಶುರು ಮಾಡಿ ಇದನ್ನೇ ಕೆಲಸ ಮಾಡಿಕೊಂಡವಳು:
ಬೇಡ. ಗಾಳಿ ಯಾವ ಕಡೆ ತಿರುಗುತ್ತದೆ ಅಂತ ಹೇಳಲಾಗದು. ಅಕ್ಕ ಯಾಕೆ ಆ ಹೊಗೆ ಕುಡಿಯಬೇಕು ಹೇಳಿ? ತೆಳ್ಳನೆಯ ಬಣ್ಣದ ಬಟ್ಟೆಯ ಅಂಚನ್ನು ಲೆನ್ಸ್‌ಗೆ ತೀರಾ ಹತ್ತಿರ ಹಿಡಿಯಿರಿ, ಅಪರ್ಚರ್ (ಲೆನ್ಸ್‌ನ ಬೆಳಕಿನ ಕಿಂಡಿ) 1.8ಕ್ಕೆ, ಅಂದರೆ ಅಗಲಕ್ಕೆ ತೆರೆದು ಇಡಿ. ಅಂಚು ಕರಗಿ ಬಣ್ಣದ ಮಂಜಿನ ಹಾಗೆ ಬರುತ್ತದೆ. ಇದೂ ಒಂದು ತಪ್ಪಿನಿಂದಲೇ ಸಿಕ್ಕಿದ್ದು, ನನ್ನ ದುಪಟ್ಟಾ ಲೆನ್ಸ್‌ಗೆ ಅಡ್ಡ ಬಂದಿತ್ತು.

ಇನ್ನು ದಿನದ ವಿಷಯ. 28ರಿಂದ 34ನೇ ವಾರದೊಳಗೆ ಮುಗಿಸಿ. ಹೊಟ್ಟೆ ಚೆನ್ನಾಗಿ ಕಾಣುತ್ತದೆ, ಓಡಾಟವೂ ಅಷ್ಟು ಕಷ್ಟ ಇರುವುದಿಲ್ಲ. ಅವಳಿ ಇದ್ದರೆ ಇನ್ನೂ ಮುಂಚೆ. ಒಬ್ಬರು "ಇನ್ನೂ ದೊಡ್ಡದಾಗಲಿ" ಅಂತ 37ಕ್ಕೆ ಇಟ್ಟರು. ಶೂಟ್‌ಗಿಂತ ಮೊದಲು ಮಗು ಬಂತು.

ಎರಡು ಮಕ್ಕಳ ತಾಯಿ:
ಯಾರೂ ಹೇಳದ ಒಂದು ಮಾತು. ಶೂಟ್ ದಿನ ಬೆಳಗಿನಿಂದ ನೈಟಿಯಂಥ ಸಡಿಲ ಬಟ್ಟೆಯಲ್ಲೇ ಇರಲಿ. ನನ್ನ ಲೆಗಿಂಗ್ಸ್ ಇಲಾಸ್ಟಿಕ್‌ನ ಗೆರೆ ಹೊಟ್ಟೆಯ ಸುತ್ತ ಎಲ್ಲ ಫೋಟೋದಲ್ಲೂ ಇದೆ. ಬೆರಳು ಊದಿದ್ದರೆ ಉಂಗುರ ತುರುಕಲು ಹೋಗಬೇಡಿ.

ಕೇಳಿದವರು:
ನಿನ್ನೆ ಟ್ರಯಲ್ ಮಾಡಿದೆವು. ದಿಂಬು ಕಟ್ಟಿಕೊಂಡು ಭಾವ ಕಿಟಕಿ ಪಕ್ಕ ನಿಂತರು, ಅಕ್ಕ ಸೋಫಾದಲ್ಲಿ ಕೂತು ನಿರ್ದೇಶನ ಮಾಡಿದಳು. ಸಂಜೆ ನಾಲ್ಕೂವರೆಗೆ ಬೆಳಕು ಸರಿಯಾಗಿ ಬೀಳುತ್ತದೆ. 30ನೇ ವಾರಕ್ಕೆ ದಿನ ಗೊತ್ತು ಮಾಡಿದ್ದೇವೆ. ಶಿಫಾನ್ ಯಾವ ಬಣ್ಣ ಅನ್ನುವ ಜಗಳ ಮಾತ್ರ ಇನ್ನೂ ಮುಗಿದಿಲ್ಲ.