ಸಬಾನ ಕಪಾಟಿನಲ್ಲಿ ಒಂಟಿಯಾಗಿರುವ ಪುಸ್ತಕ: ಯಾರಿಗಾದರೂ ಗೊತ್ತುಂಟಾ?

ಕಾರ್ಕಳದಕ್ಕ:
ಆರು ವರ್ಷದಿಂದ ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಈಗಿರುವುದು ಜೆರುಸಲೇಮಿನಲ್ಲಿ, 91 ವರ್ಷದ ಅಜ್ಜನ ಮನೆ. ಸಬಾ ಅಂತ ಕರೆಯುತ್ತೇನೆ, ಹೀಬ್ರೂನಲ್ಲಿ ಅಜ್ಜ ಅಂತಲೇ ಅರ್ಥ. ಮನೆ ತುಂಬ ಧರ್ಮದ ಪುಸ್ತಕ. ಬಿದ್ದರೆ ಎತ್ತಿ ಮುತ್ತು ಕೊಡಬೇಕು, ನಾವು ಕಾಲು ತಾಗಿದ ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡ ಹಾಗೆ.

ಮೊನ್ನೆ ಧೂಳು ಒರೆಸುವಾಗ ಮೇಲಿನ ಹಲಗೆಯಲ್ಲಿ ಒಂದೇ ಇದ್ದ ಹಳೇ ಪುಸ್ತಕ ಕೈ ಜಾರಿತು. ಮುತ್ತು ಕೊಡಲು ಹೋದೆ. ಸಬಾ ನಕ್ಕುಬಿಟ್ಟರು. "ಅದಕ್ಕೆ ಬೇಡ" ಅಂದರು. ಸ್ವಲ್ಪ ಹೊತ್ತು ಬಿಟ್ಟು "ಕೊಡು, ಪರವಾಗಿಲ್ಲ" ಅಂದರು! ಮಗ ಬಂದಾಗ ಕೇಳಿದೆ. "ಬೆಸಾಮಿಮ್ ರೋಶ್, ಬರ್ಲಿನ್, 1793. ಖೋಟಾ ಪುಸ್ತಕ" ಅಂತ ಮುಖ ಸಿಂಡರಿಸಿದ. ಖೋಟಾ ಆದರೆ ಇಷ್ಟು ಜೋಪಾನ ಯಾಕೆ ಮಾರಾಯ್ರೇ?

ಹಳೇಕಾಗದ:
ಅಕ್ಕಾ, ಅದು ದೊಡ್ಡ ಜಗಳ. ಅದರಲ್ಲಿ 392 ಧರ್ಮಪ್ರಶ್ನೆಗಳಿಗೆ ಉತ್ತರ ಇದೆ. ಹೀಬ್ರೂ ಅಕ್ಷರಗಳಿಗೆ ಅಂಕಿಯ ಬೆಲೆ ಉಂಟಲ್ಲ, 'ಬೆಸಾಮಿಮ್' ಕೂಡಿಸಿದರೆ 392. ಉತ್ತರ ಬರೆದವರು 'ರೋಶ್', ಅಂದರೆ 1327ರಲ್ಲಿ ಟೊಲೆಡೊದಲ್ಲಿ ತೀರಿಕೊಂಡ ರಬ್ಬಿ (ಯೆಹೂದಿ ಧರ್ಮಗುರು) ಆಶೆರ್ ಬೆನ್ ಯೆಹಿಯೇಲ್ ಎಂದು ಪುಸ್ತಕವೇ ಹೇಳುತ್ತದೆ. ಹಳೇ ಹಸ್ತಪ್ರತಿ ಸಿಕ್ಕಿತು ಎಂದು ಅಚ್ಚು ಹಾಕಿಸಿದವನು ಸೌಲ್ ಬರ್ಲಿನ್, ಅವನೂ ರಬ್ಬಿ. ಜೊತೆಗೆ ತನ್ನದೊಂದು ವ್ಯಾಖ್ಯಾನ ಸೇರಿಸಿದ.

ಆದರೆ ಉತ್ತರಗಳು ವಿಚಿತ್ರ. ಮಧ್ಯ, ಪೂರ್ವ ಯುರೋಪಿನ ಸಂಪ್ರದಾಯಸ್ಥ ಯೆಹೂದ್ಯರು ಪಸ್ಕ ಹಬ್ಬದಲ್ಲಿ ಅಕ್ಕಿ, ಬೇಳೆ ಮುಟ್ಟುವುದಿಲ್ಲ. ಇದು ತಿನ್ನಬಹುದು ಅನ್ನುತ್ತದೆ. ಬದುಕು ಬೇಸತ್ತು ಜೀವ ತೆಗೆದುಕೊಂಡವನ ಬಗ್ಗೆಯೂ ಕನಿಕರದ ಮಾತು. ಎಲ್ಲ 18ನೇ ಶತಮಾನದ ಬರ್ಲಿನ್ನಿನ ಹೊಸ ವಿಚಾರಗಳ ವಾಸನೆ! ಸೌಲ್ ತಾನೇ ಬರೆದು ರೋಶರ ಹೆಸರು ಹಾಕಿದ ಅಂತ ಅನುಮಾನ. ಅದೇ ವರ್ಷ ಜೆಯೆವ್ ವೋಲ್ಫ್ ಲ್ಯಾಂಡ್ಸ್‌ಬರ್ಗ್ ಇದನ್ನು ಖಂಡಿಸಿ ಬರೆದರು. ಬರ್ಲಿನ್ನಿನ ಮುಖ್ಯ ರಬ್ಬಿಯಾಗಿದ್ದ ಅಪ್ಪ ತ್ಸ್ವಿ ಹಿರ್ಶ್ ಲೆವಿನ್ ಮಾತ್ರ ಮಗನ ಪರ ನಿಂತರು. ಸೌಲ್ 1794ರಲ್ಲಿ ಲಂಡನ್ನಿನಲ್ಲಿ ಸತ್ತ. ಆಮೇಲೆ ಹತಾಮ್ ಸೋಫೆರ್ ಎಂಬ ದೊಡ್ಡ ರಬ್ಬಿ ಒಂದೇ ಅಕ್ಷರ ತಿರುಚಿದರು: ರೋಶರ 'ಕಿತ್ವೇ' ಅಲ್ಲ, 'ಕಿಜ್ವೇ'. ಬರಹವಲ್ಲ, ಸುಳ್ಳು. 1881ರ ಕ್ರಾಕೋವ್ ಮುದ್ರಣದಲ್ಲಿ ಆತ್ಮಹತ್ಯೆಯ ಉತ್ತರವನ್ನೇ ಬಿಟ್ಟರು.

ಬಸವನಗುಡಿ ಮೇಷ್ಟ್ರು:
ನಮ್ಮಲ್ಲೂ ಹಳೇ ಶರಣರ ಅಂಕಿತ ಹಾಕಿ ಹೊಸ ವಚನ ಕಟ್ಟಿದವರಿದ್ದಾರೆ. ಆದರೆ ಈ ಸೌಲ್ ತನ್ನ ಹೆಸರಿನಲ್ಲೇ ಬರೆಯಬಹುದಿತ್ತಲ್ವಾ?

ಹಳೇಕಾಗದ:
ಅವನ ಹೆಸರಿಗೆ ಯಾರು ಕಿವಿ ಕೊಡುತ್ತಿದ್ದರು ಮೇಷ್ಟ್ರೇ? ಆದರೂ ಪಾಂಡಿತ್ಯ ಖೋಟಾ ಅಲ್ಲ. ಇಸ್ರೇಲಿನ ಮುಖ್ಯ ರಬ್ಬಿಯಾಗಿದ್ದ ಓವಾಡಿಯಾ ಯೋಸೆಫ್ ಕೂಡ ಇದನ್ನು ಉಲ್ಲೇಖಿಸಿದ್ದಾರೆ. ಅಂದ ಹಾಗೆ ಅಕ್ಕಾ, ವ್ಯಾಖ್ಯಾನದ ಹೆಸರು 'ಕಾಸಾ ದೆ-ಹರ್ಸನಾ'. ಯೆಹೂದ್ಯರ ಹಳೇ ಧರ್ಮಗ್ರಂಥ ತಾಲ್ಮುದ್‌ನಲ್ಲಿ ಬರುವ ಮಾತು. ಶುಕ್ರವಾರ ಸೂರ್ಯ ಮುಳುಗಿದಾಗ ಶುರುವಾಗುವ ವಾರದ ವಿಶ್ರಾಂತಿ ದಿನ ಸಬ್ಬತ್ತಿನ ಸಂತೋಷಕ್ಕೆ ಹಿಟ್ಟು ಹಚ್ಚಿ ಹುರಿದ ಸಣ್ಣ ಮೀನು!

ಕಾರ್ಕಳದಕ್ಕ:
ಮೀನಾ! ಇದನ್ನು ಮೊದಲೇ ಹೇಳಬಾರದಿತ್ತಾ? ಸಬಾಗೆ ಹೇಳಿದೆ, ಕಣ್ಣೀರು ಬರುವಷ್ಟು ನಕ್ಕರು. "ಮೇಲೆ ತಾನೇ ಬರೆಯುತ್ತಾನೆ, ಕೆಳಗೆ ತಾನೇ ಜಗಳ ಆಡುತ್ತಾನೆ. ಇವನಷ್ಟು ಒಳ್ಳೆಯ ಜೊತೆಗಾರ ಈ ಮನೆಯಲ್ಲಿ ಬೇರೆ ಯಾರಿದ್ದಾರೆ?" ಅಂದರು. ನನಗೆ ಸ್ವಲ್ಪ ಬೇಜಾರಾಯಿತು, ಇರಲಿ. ನಾಳೆ ಶುಕ್ರವಾರ. ಸೂರ್ಯ ಮುಳುಗುವ ಮೊದಲು ಮೀನು ಹುರಿದಿಡಬೇಕಂತೆ, ಹಿಟ್ಟು ಹಚ್ಚಿ. ನಾನು ರವೆಯೇ ಹಚ್ಚುವುದು.