ಕೃತಕ ಅಯಾನು ಚಾನೆಲ್‌ಗಳು: ಆಯ್ಕೆಯೂ ವೇಗವೂ ಒಟ್ಟಿಗೆ ಏಕೆ ದಕ್ಕುವುದಿಲ್ಲ?

ಪ್ರಶ್ನೆ
ಪೊಟ್ಯಾಸಿಯಂ ಅಯಾನಿನ (ವಿದ್ಯುದಂಶವುಳ್ಳ ಪರಮಾಣುವಿನ) ತ್ರಿಜ್ಯ ಸುಮಾರು 1.33 ಆಂಗ್‌ಸ್ಟ್ರಾಂ, ಸೋಡಿಯಂನದು ಸುಮಾರು 0.95. ಆದರೂ ಜೀವಕೋಶದ ಪೊರೆಯಲ್ಲಿ ಅಯಾನುಗಳಿಗೆ ದಾರಿಯಾಗುವ ಪೊಟ್ಯಾಸಿಯಂ ಚಾನೆಲ್ ದೊಡ್ಡದನ್ನು ಬಿಟ್ಟುಕೊಂಡು ಚಿಕ್ಕದನ್ನು ತಡೆಯುತ್ತದೆ, ಅದೂ ಸೆಕೆಂಡಿಗೆ 10 ಕೋಟಿ ಅಯಾನುಗಳ ಆಸುಪಾಸಿನ ವೇಗದಲ್ಲಿ. 18-ಕ್ರೌನ್-6 ಎಂಬ ಉಂಗುರದಂಥ ಈಥರ್ (ಕಾರ್ಬನ್‌ಗಳ ನಡುವೆ ಆಕ್ಸಿಜನ್ ಕೊಂಡಿಗಳಿರುವ ಅಣು) ಕೂಡ ಪೊಟ್ಯಾಸಿಯಂ ಅನ್ನೇ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಅಂಥ ಉಂಗುರಗಳನ್ನು ಪೊರೆಯೊಳಗೆ ಸಾಲಾಗಿ ಪೇರಿಸಿದರೆ ಸಹಜ ಚಾನೆಲ್‌ಗೆ ಸಮನಾದುದು ಏಕೆ ಸಿಗುವುದಿಲ್ಲ?

ಉತ್ತರ 1
ಬಿಗಿಯಾಗಿ ಹಿಡಿಯುವುದೇ ಇಲ್ಲಿನ ತೊಡಕು; ಹಿಡಿದದ್ದನ್ನು ಬಿಡದ ಉಂಗುರವು ಚಾನೆಲ್ ಆಗುವ ಬದಲು ಬಲೆಯಾಗುತ್ತದೆ. ನೀರಿನಲ್ಲಿರುವ ಅಯಾನು ತನ್ನ ಸುತ್ತಲಿನ ನೀರಿನ ಅಣುಗಳನ್ನು ಕಳಚಿಕೊಂಡು ಒಳಬರಬೇಕು, ಅದಕ್ಕೆ ತಗಲುವ ಶಕ್ತಿಯನ್ನು ಚಾನೆಲ್‌ನ ಒಳಗೋಡೆ ಭರಿಸಿಕೊಡಬೇಕು. ರೋಡರಿಕ್ ಮೆಕಿನನ್ ಅವರ ತಂಡ 1998ರಲ್ಲಿ ಪ್ರಕಟಿಸಿದ, ಬ್ಯಾಕ್ಟೀರಿಯಾದ ಪೊಟ್ಯಾಸಿಯಂ ಚಾನೆಲ್ ಆದ ಕೆಸಿಎಸ್‌ಎ ಪ್ರೋಟೀನ್‌ನ ರಚನೆಯಲ್ಲಿ ಈ ಕೆಲಸವನ್ನು ಕಾರ್ಬೊನಿಲ್ (ಕಾರ್ಬನ್‌ಗೆ ಎರಡು ಬಂಧಗಳಿಂದ ಅಂಟಿದ) ಆಕ್ಸಿಜನ್‌ಗಳು ಮಾಡುತ್ತವೆ: ಅವುಗಳ ನಡುವಿನ ಅಂತರ ಪೊಟ್ಯಾಸಿಯಂಗೆ ಒಪ್ಪುತ್ತದೆ, ಸೋಡಿಯಂಗೆ ನೀರನ್ನು ಕಳೆದುಕೊಂಡ ನಷ್ಟ ತುಂಬುವುದಿಲ್ಲ. ಜೊತೆಗೆ, ಕಿರಿದಾದ ಆ ಸೋಸುಭಾಗದಲ್ಲಿ ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಅಯಾನುಗಳಿದ್ದು, ಅವುಗಳ ಪರಸ್ಪರ ವಿಕರ್ಷಣೆಯೇ ಮುಂದಿನದನ್ನು ಹೊರದೂಡುತ್ತದೆ. ನನ್ನ ದೃಷ್ಟಿಯಲ್ಲಿ ಕೃತಕ ವಿನ್ಯಾಸಗಳು ಹೆಚ್ಚಾಗಿ ಎಡವುವುದು ಈ ಎರಡನೆಯ ಅಂಶದಲ್ಲಿ.

ಉತ್ತರ 2
ಒಪ್ಪುತ್ತೇನೆ, ಆದರೆ ಕಾರ್ಬೊನಿಲ್‌ಗಳಿದ್ದ ಮಾತ್ರಕ್ಕೆ ಆಯ್ಕೆ ಬರುವುದಿಲ್ಲ. 15 ಅಮೈನೊ ಆಮ್ಲಗಳ ಗ್ರ್ಯಾಮಿಸಿಡಿನ್ ಎ ಎಂಬ, ಪೊರೆಯಲ್ಲಿ ಚಾನೆಲ್ ಕಟ್ಟುವ ಪ್ರತಿಜೀವಕ ಸಹ ಕಾರ್ಬೊನಿಲ್‌ಗಳಿಂದಲೇ ಒಳಗೋಡೆ ಕಟ್ಟಿಕೊಳ್ಳುತ್ತದೆ. ಆದರೂ ಸೋಡಿಯಂ, ಪೊಟ್ಯಾಸಿಯಂ ಎರಡನ್ನೂ ಹಾಯಲು ಬಿಡುತ್ತದೆ. ಕೆಸಿಎಸ್‌ಎಯಲ್ಲಿ ನಾಲ್ಕು ಉಪಘಟಕಗಳು ಸುತ್ತುವರಿದು, ಒಂದೊಂದು ತಾಣದಲ್ಲೂ ಎಂಟು ಆಕ್ಸಿಜನ್‌ಗಳನ್ನು ಅಯಾನಿನ ಸುತ್ತ ನಿಲ್ಲಿಸುತ್ತವೆ. ಕೃತಕ ಅಣುವಿನಲ್ಲಿ ಉಂಗುರವನ್ನು ರೂಪಿಸುವುದು ಸುಲಭ, ಅದನ್ನು ಆ ಭಂಗಿಯಲ್ಲಿ ಹಿಡಿದಿಡುವ ಹೊರಚೌಕಟ್ಟನ್ನು ರೂಪಿಸುವುದೇ ಕಷ್ಟ.

ಉತ್ತರ 3
ವಿನ್ಯಾಸಕ್ಕಿಂತ ಮೊದಲು, ನಿಮ್ಮ ಅಣು ನಿಜಕ್ಕೂ ಚಾನೆಲ್ ಹೌದೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಲಿಪೊಸೋಮ್‌ಗಳೊಳಗಿನ (ಕೊಬ್ಬಿನ ಪೊರೆಯ ಪುಟ್ಟ ಗುಳ್ಳೆಗಳೊಳಗಿನ) ಬಣ್ಣದ ಪ್ರತಿದೀಪ್ತಿ (ಬೆಳಕು ಬಿದ್ದಾಗ ಅದು ಸೂಸುವ ಹೊಳಪು) ಬದಲಾಯಿತೆಂದರೆ ಅಯಾನು ದಾಟಿತೆಂದಷ್ಟೇ ಅರ್ಥ. ಅಣುವು ವಾಹಕದಂತೆ ಹೊತ್ತೊಯ್ದಿರಬಹುದು, ಮಾರ್ಜಕದಂತೆ ಪೊರೆಯನ್ನೇ ಹರಿದಿರಲೂಬಹುದು. ಸಮತಲ ಲಿಪಿಡ್ ದ್ವಿಪದರದಲ್ಲಿ (ಎರಡು ಪದರಗಳ ಚಪ್ಪಟೆ ಕೊಬ್ಬಿನ ಪೊರೆಯಲ್ಲಿ) ಅಳೆದಾಗ ವಿದ್ಯುತ್ಪ್ರವಾಹವು ಮೆಟ್ಟಿಲಿನಂತೆ ಥಟ್ಟನೆ ಏರಿ ಇಳಿದು, ಆ ಏರಿಳಿತದ ಎತ್ತರ ಮತ್ತೆ ಮತ್ತೆ ಒಂದೇ ಆಗಿದ್ದರೆ, ಅದು ಚಾನೆಲ್ ತೆರೆದು ಮುಚ್ಚುವ ಗುರುತು; ಆಗ ಆಯ್ಕೆಯ ಪ್ರಶ್ನೆಗೆ ಬರಬಹುದು.