ಸಿಆರ್‌ಪಿ ಎರಡು ಬಾರಿಯೂ ಹೆಚ್ಚು ಬಂದಿದೆ: ದಿನಚರಿಯಲ್ಲಿ ಮೊದಲು ಯಾವುದನ್ನು ಬದಲಿಸಲಿ?

ಪ್ರಶ್ನೆ:
ನನಗೆ 46 ವರ್ಷ. ಆರು ವಾರಗಳ ಅಂತರದಲ್ಲಿ ಎರಡು ಬಾರಿ ಮಾಡಿಸಿದ ಹೈ-ಸೆನ್ಸಿಟಿವಿಟಿ ಸಿಆರ್‌ಪಿ (ದೇಹದಲ್ಲಿ ಉರಿಯೂತವಿದ್ದಾಗ ರಕ್ತದಲ್ಲಿ ಹೆಚ್ಚುವ ಪ್ರೋಟೀನ್) ರಕ್ತಪರೀಕ್ಷೆಯಲ್ಲಿ ಲೀಟರಿಗೆ 4.2 ಹಾಗೂ 3.9 ಮಿಲಿಗ್ರಾಂ ಬಂದಿದೆ. ಸೋಂಕಾಗಲಿ ಸಂಧಿವಾತವಾಗಲಿ ಕಾಣುತ್ತಿಲ್ಲ ಎಂದ ವೈದ್ಯರು, ದಿನಚರಿಯನ್ನು ಸರಿಪಡಿಸಿಕೊಂಡು ಮೂರು ತಿಂಗಳ ನಂತರ ಬರಲು ಹೇಳಿದ್ದಾರೆ. ಹತ್ತು ಗಂಟೆ ಕುಳಿತೇ ಕೆಲಸ ಮಾಡುತ್ತೇನೆ, ಐದು ಗಂಟೆಗಿಂತ ಹೆಚ್ಚು ನಿದ್ದೆ ಸಿಗುವುದು ಅಪರೂಪ, ಎರಡು ವರ್ಷಗಳಲ್ಲಿ ಬೆಲ್ಟನ್ನು ಎರಡು ತೂತು ಸಡಿಲಿಸಿಕೊಂಡಿದ್ದೇನೆ. ಧೂಮಪಾನದ ಅಭ್ಯಾಸವಿಲ್ಲ. ಎಲ್ಲವನ್ನೂ ಒಮ್ಮೆಲೇ ಬದಲಿಸಲು ಹೊರಟರೆ ಹದಿನೈದು ದಿನಗಳಲ್ಲಿ ಕೈಬಿಡುತ್ತೇನೆಂಬುದು ನನಗೆ ಗೊತ್ತು. ಯಾವುದರಿಂದ ಆರಂಭಿಸಲಿ? ಅರಿಶಿನದ ಸಾರದ ಮಾತ್ರೆಗಳಿಂದ ಪ್ರಯೋಜನವಿದೆಯೇ?

ಉತ್ತರ 1:
ಗಾಯವಾದಾಗ ಕೆಂಪಾಗಿ, ಊದಿಕೊಂಡು, ಕೆಲವೇ ದಿನಗಳಲ್ಲಿ ಶಮನವಾಗುವ ಉರಿಯೂತ ದೇಹಕ್ಕೆ ಬೇಕಾದದ್ದೇ. ನಿಮ್ಮಲ್ಲಿರುವುದು ಆರದೆ ಉಳಿದ ಕೆಂಡದಂಥದ್ದು. ಹೊಟ್ಟೆಯೊಳಗಿನ ಅಂಗಗಳ ಸುತ್ತ ಸೇರುವ ಕೊಬ್ಬು ಬರಿಯ ದಾಸ್ತಾನಲ್ಲ. ಆ ಕೊಬ್ಬಿನ ಕೋಶಗಳೂ ಅಲ್ಲಿ ಬಂದು ನೆಲೆಸುವ ರೋಗನಿರೋಧಕ ಕೋಶಗಳೂ ಇಂಟರ್‌ಲ್ಯೂಕಿನ್-6ರಂತಹ ರಾಸಾಯನಿಕಗಳನ್ನು ಸದಾ ಹೊರಬಿಡುತ್ತಿರುತ್ತವೆ, ಆ ಸಂದೇಶ ತಲುಪಿದಾಗ ಯಕೃತ್ತು ಸಿಆರ್‌ಪಿಯನ್ನು ತಯಾರಿಸುತ್ತದೆ. ಲೀಟರಿಗೆ 1 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಹೃದ್ರೋಗದ ಅಪಾಯ ಕಡಿಮೆ, 3 ದಾಟಿದರೆ ಹೆಚ್ಚು ಎಂದು ಲೆಕ್ಕ ಹಾಕುತ್ತಾರೆ. 10 ದಾಟಿದಾಗ ಸೋಂಕನ್ನೋ ಬೇರೆ ಕಾಯಿಲೆಯನ್ನೋ ಮೊದಲು ಶಂಕಿಸಬೇಕು.

ನಾನಾದರೆ ನಿದ್ದೆಯಿಂದಲೇ ಆರಂಭಿಸುತ್ತೇನೆ. ಏಳು ಗಂಟೆ ಮಲಗದವರಿಗೆ ಮರುದಿನ ಹಸಿವು ಹೆಚ್ಚು, ನಡೆಯುವ ಮನಸ್ಸು ಕಡಿಮೆ. ಹಾಗಾಗಿ ಉಳಿದ ಯಾವ ಬದಲಾವಣೆಯೂ ನಿಲ್ಲುವುದಿಲ್ಲ. ಗೊರಕೆಯ ನಡುವೆ ಉಸಿರು ಕಟ್ಟುತ್ತಿದೆಯೇ ಎಂದು ಮನೆಯವರನ್ನು ಕೇಳಿ. ಹಾಗಿದ್ದರೆ ಅದಕ್ಕೆ ಚಿಕಿತ್ಸೆಯೇ ಬೇಕು. ನಿದ್ದೆ ಒಂದು ಹದಕ್ಕೆ ಬಂದ ಮೇಲೆ ವಾರಕ್ಕೆ 150 ನಿಮಿಷಗಳ ಬಿರುಸು ನಡಿಗೆಯನ್ನು ಸೇರಿಸಿಕೊಳ್ಳಿ. ತೂಕ ಇಳಿಯದಿದ್ದರೂ ಅದರಿಂದ ಲಾಭವಿದೆ.

ಉತ್ತರ 2:
ಯಾರೂ ಕೇಳದ ಒಂದು ಪ್ರಶ್ನೆಯನ್ನು ಕೇಳುತ್ತೇನೆ: ಹಲ್ಲುಜ್ಜುವಾಗ ನಿಮಗೆ ರಕ್ತ ಬರುತ್ತದೆಯೇ? ನಾನು ಅದನ್ನು ಗಡಸು ಬ್ರಷ್‌ನ ತಪ್ಪೆಂದು ವರ್ಷಗಟ್ಟಲೆ ಕಡೆಗಣಿಸಿದ್ದೆ. ಒಸಡಿನ ಆಳದ ಕಾಯಿಲೆಯೂ ದೀರ್ಘಕಾಲದ ಉರಿಯೂತವೇ; ಹಲ್ಲು ಮತ್ತು ಒಸಡಿನ ನಡುವೆ ಗಟ್ಟಿಯಾದ ಪಾಚಿಯನ್ನು ದಂತವೈದ್ಯರು ತೆಗೆದು ಸ್ವಚ್ಛಗೊಳಿಸಿದ ಮೇಲೆ ಸಿಆರ್‌ಪಿ ಇಳಿಯುವುದನ್ನು ಅಧ್ಯಯನಗಳು ತೋರಿಸಿವೆ. ದಯವಿಟ್ಟು ಒಮ್ಮೆ ತೋರಿಸಿಕೊಳ್ಳಿ.

ಉತ್ತರ 3:
ಮಾತ್ರೆಯ ವಿಷಯದಲ್ಲಿ ಅವಸರ ಬೇಡ. ಅಡುಗೆಯ ಅರಿಶಿನ ಬೇರೆ, ಸಾಂದ್ರಗೊಳಿಸಿದ ಸಾರ ಬೇರೆ. ಅಂತಹ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ, ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರಂತೂ ವೈದ್ಯರನ್ನು ಕೇಳದೆ ಮುಟ್ಟಬಾರದು. ಅದರ ಬದಲು ತಟ್ಟೆಯಲ್ಲಿ ಕಾಳು, ಸೊಪ್ಪು, ಇಡಿಧಾನ್ಯಗಳು ಹೆಚ್ಚಲಿ, ಸಿಹಿ ಪಾನೀಯಗಳು ಕಡಿಮೆಯಾಗಲಿ. ನಾರಿನಂಶವನ್ನು ಕರುಳಿನ ಬ್ಯಾಕ್ಟೀರಿಯಾಗಳು ಬ್ಯುಟಿರೇಟ್ ಎಂಬ ಆಮ್ಲವಾಗಿ ಮಾರ್ಪಡಿಸುತ್ತವೆ, ಅದು ಕರುಳಿನ ಒಳಪದರವನ್ನು ಪೋಷಿಸುತ್ತದೆ. ನೆಗಡಿ, ಜ್ವರ ಬಂದಿದ್ದರೆ ಎರಡು ವಾರ ಕಳೆದ ಮೇಲೆಯೇ ರಕ್ತಪರೀಕ್ಷೆ ಮಾಡಿಸಿ.

ಪ್ರಶ್ನೆ ಕೇಳಿದವರು:
ಒಸಡಿನ ಮಾತನ್ನು ಓದಿದ ಮೇಲೆ ಇಂದು ಬೆಳಿಗ್ಗೆ ಗಮನವಿಟ್ಟು ನೋಡಿದೆ. ಕೆಳಸಾಲಿನ ಹಿಂಬದಿಗೆ ಬ್ರಷ್ ತಾಗಿದೊಡನೆ ನೊರೆ ತಿಳಿಗುಲಾಬಿ ಬಣ್ಣಕ್ಕೆ ತಿರುಗಿತು. ಈ ವಾರವೇ ದಂತವೈದ್ಯರನ್ನು ಕಾಣುತ್ತೇನೆ. ಮಾತ್ರೆ ತರಿಸುವುದಿಲ್ಲ. ಇಂದಿನಿಂದ ಫೋನನ್ನು ಪಕ್ಕದ ಕೋಣೆಯಲ್ಲಿಟ್ಟು ಹತ್ತೂವರೆಗೆ ಮಲಗುತ್ತೇನೆ, ಮುಂದಿನ ಪರೀಕ್ಷೆಯ ಅಂಕಿಯನ್ನು ಇಲ್ಲಿಯೇ ಬರೆಯುತ್ತೇನೆ.